ಯಾವತ್ತು ತಿನ್ನೋದು ಎಂದು ಕೇಳುವ ಅಂಗಡಿ

ಶಿರಸಿಯಿಂದ ಬನವಾಸಿಗೆ ಹೋಗುವ ರಸ್ತೆಯಲ್ಲಿ ನೀಲಿ ತಾಡಪತ್ರಿ ಕಟ್ಟಿದ ಒಂದು ಸಣ್ಣ ಅಂಗಡಿ ಇದೆ. ಬೋರ್ಡ್ ಇಲ್ಲ. ಮಾರುವುದು ಅನಾನಸ್ ಒಂದನ್ನೇ. ನನ್ನ ತವರುಮನೆ ಅದೇ ರಸ್ತೆಯಲ್ಲಿ ಸ್ವಲ್ಪ ಮುಂದೆ. ಹುಬ್ಬಳ್ಳಿಯಿಂದ ಊರಿಗೆ ಹೋದಾಗಲೆಲ್ಲ, ಮೂರು ವರ್ಷದಿಂದ, ನಾನು ಹಣ್ಣು ತರುವುದು ಇಲ್ಲಿಂದಲೇ.

ಅಂಗಡಿಯ ಅಮ್ಮ ಎಷ್ಟು ಬೇಕು ಅಂತ ಮೊದಲು ಕೇಳುವುದಿಲ್ಲ. "ಯಾವತ್ತು ತಿನ್ನೋದು ತಂಗೀ? ಹಾಗೇ ತಿನ್ನೋಕಾ, ಅಡುಗೆಗಾ?" ಎಂದು ಕೇಳುತ್ತಾರೆ. ಉತ್ತರ ಹೇಳಿದ ಮೇಲೆ ರಾಶಿಯಲ್ಲಿ ಹುಡುಕುತ್ತಾರೆ. ಬುಡ ಮೂಸುತ್ತಾರೆ, ಕೈಯಲ್ಲಿ ತೂಗಿ ನೋಡುತ್ತಾರೆ, ಎರಡು ಮೂರು ಹಣ್ಣು ಪಕ್ಕಕ್ಕಿಟ್ಟು ಒಂದನ್ನು ಕೊಡುತ್ತಾರೆ. ನಾನು ಈ ಅಂಗಡಿಯನ್ನು ಇಷ್ಟು ಹೊಗಳುವುದು ಈ ಪ್ರಶ್ನೆಗಾಗಿಯೇ.

ಯಾಕೆಂದರೆ ಅನಾನಸ್ ಮಾವಿನ ಹಾಗಲ್ಲ. ಕೊಯ್ದ ಮೇಲೆ ಸಿಪ್ಪೆ ಹಳದಿಯಾಗುತ್ತದೆ, ತಿರುಳು ಮೆತ್ತಗಾಗುತ್ತದೆ, ಆದರೆ ಸಿಹಿ ಜಾಸ್ತಿ ಆಗುವುದಿಲ್ಲ. ಮಾವು, ಬಾಳೆಯಲ್ಲಿ ಹಿಟ್ಟಿನಂಶ ಇರುತ್ತದೆ, ಅದು ಆಮೇಲೆ ಸಕ್ಕರೆಯಾಗುತ್ತದೆ. ಅನಾನಸಿನಲ್ಲಿ ಆ ದಾಸ್ತಾನೇ ಇಲ್ಲ. ಗಿಡದಲ್ಲಿದ್ದಾಗ ಎಷ್ಟು ಸಿಹಿ ಬಂತೋ ಅಷ್ಟೇ. ದೂರದ ಊರಿಗೆ ಹೋಗುವ ಹಣ್ಣನ್ನು ಹಸಿರಿದ್ದಾಗಲೇ ಲಾರಿಗೆ ತುಂಬುತ್ತಾರೆ. ಪೇಟೆಯಲ್ಲಿ ಬಣ್ಣ ನೋಡಿ ತಂದ ಹಣ್ಣು ನಾಲ್ಕು ದಿನ ಇಟ್ಟರೂ ಹುಳಿಯಾಗಿಯೇ ಇರುವುದು ಇದಕ್ಕೇ.

ಇವರ ಹಣ್ಣೂ ಮೊದಲು ಲಾರಿಗೇ ಹೋಗುತ್ತಿತ್ತಂತೆ. 2020ರ ಲಾಕ್‌ಡೌನ್‌ನಲ್ಲಿ ಲಾರಿ ಬರಲಿಲ್ಲ, ಹಣ್ಣು ಗಿಡದಲ್ಲೇ ಕೊಳೆಯಿತು. ಆಗ ರಸ್ತೆ ಬದಿಗೆ ತಂದು ಕೂತವರು ಮತ್ತೆ ಎದ್ದಿಲ್ಲ. ತಿನ್ನುವ ಹಣ್ಣನ್ನು ಈಗ ಪೂರ್ತಿ ಬಲಿತ ಮೇಲೇ ಕೊಯ್ಯುತ್ತಾರೆ.

ಅವರಲ್ಲಿ ಎರಡು ಜಾತಿ ಸಿಗುತ್ತದೆ. ಕ್ಯೂ ದೊಡ್ಡದು, ಕಣ್ಣು ಅಗಲ, ರಸ ಜಾಸ್ತಿ. ಕ್ವೀನ್ ಸಣ್ಣದು, ಕಣ್ಣು ಆಳ, ತಿರುಳು ಅರಿಶಿನದ ಹಾಗೆ ಗಾಢ ಹಳದಿ. ಹಾಗೇ ತಿನ್ನಲು ನನಗೆ ಕ್ವೀನ್ ಬೇಕು. ಅದನ್ನು ಅವರ ಮಗ ಕತ್ತರಿಸುವುದನ್ನು ನಿಂತು ನೋಡಬೇಕು. ಸಿಪ್ಪೆ ತೆಳ್ಳಗೆ ತೆಗೆದು, ಕಣ್ಣುಗಳ ಸಾಲು ಹಿಡಿದು ಓರೆಯಾಗಿ ಸುತ್ತಲೂ ಕೊರೆಯುತ್ತಾನೆ. ತಿರುಳು ಚೂರೂ ಹಾಳಾಗುವುದಿಲ್ಲ. ಆಮೇಲೆ ಉಪ್ಪು, ಬ್ಯಾಡಗಿ ಮೆಣಸಿನ ಪುಡಿ. ಬುಡದ ಹೋಳು ಕೇಳಿ ತೆಗೆದುಕೊಳ್ಳಿ, ಜುಟ್ಟಿನ ಕಡೆಗಿಂತ ಅಲ್ಲಿ ಸಿಹಿ ಹೆಚ್ಚು.

ಅಡುಗೆಯಲ್ಲಿ ನನ್ನ ಮೊದಲ ಮೆಚ್ಚು ಮೆಣಸ್ಕಾಯಿ, ಅಂದರೆ ಹುಳಿ, ಸಿಹಿ, ಖಾರ ಮೂರೂ ಇರುವ ನಮ್ಮ ಕಡೆಯ ಗೊಜ್ಜು. ಅದಕ್ಕೆ ಅವರು ಕೊಡುವುದು ಮುಕ್ಕಾಲು ಬಲಿತ ಕ್ಯೂ. ಪೂರ್ತಿ ಹಣ್ಣಾದರೆ ಹೋಳು ಕರಗುತ್ತದೆ, ಹುಳಿಯೂ ಸಾಲುವುದಿಲ್ಲ. ಹೋಳನ್ನು ಅರಿಶಿನ, ಉಪ್ಪು, ಸ್ವಲ್ಪ ಹುಣಸೆರಸ ಹಾಕಿ ಬೇಯಿಸುತ್ತೇನೆ. ಎಳ್ಳು, ಉದ್ದಿನಬೇಳೆ, ಒಣಮೆಣಸು, ನಾಲ್ಕೇ ಕಾಳು ಮೆಂತ್ಯ ಹುರಿದು ಕಾಯಿತುರಿ ಜೊತೆ ರುಬ್ಬಿ ಸೇರಿಸುತ್ತೇನೆ. ಬೆಲ್ಲ ಎಂದರೆ ನೀರಾಗಿರುವ ಜೋನಿಬೆಲ್ಲವೇ ಆಗಬೇಕು. ಎಳ್ಳಿನಲ್ಲಿ ಜಿಪುಣತನ ಮಾಡಬೇಡಿ, ಮೆಣಸ್ಕಾಯಿಗೆ ಮೈ ಬರುವುದೇ ಅದರಿಂದ. ಮಾಡಿದ ದಿನಕ್ಕಿಂತ ಮರುದಿನ ಬೆಳಗ್ಗೆ ದೋಸೆ ಜೊತೆ ಇನ್ನೂ ರುಚಿ.

ಸಾಸಿವೆ, ಅಂದರೆ ಸಾಸಿವೆ ಕಾಳು ರುಬ್ಬಿ ಹಾಕಿದ ಮೊಸರಿನ ಪದಾರ್ಥ, ಮಾಡುವವರಿಗೆ ಒಂದು ಮಾತು. ಮದುವೆಯಾದ ಹೊಸದರಲ್ಲಿ ನಾನು ಹಸಿ ಹೋಳನ್ನೇ ಮೊಸರಿಗೆ ಹಾಕಿದ್ದೆ. ಒಂದು ಗಂಟೆಯಲ್ಲಿ ಕಹಿ. ಮೊಸರು ಕೆಟ್ಟಿತ್ತು ಅಂದುಕೊಂಡು ಪಾತ್ರೆಯನ್ನೇ ಚೆಲ್ಲಿದೆ. ತವರಿಗೆ ಫೋನ್ ಮಾಡಿದರೆ ಆಯಿ (ಅಮ್ಮ), "ಹೋಳು ಬೇಯಿಸಿದ್ಯಾ?" ಎಂದಳು. ಹಸಿ ಅನಾನಸಿನಲ್ಲಿ ಬ್ರೊಮೆಲೈನ್ ಎಂಬ ಅಂಶವಿದೆ. ಅದು ಹಾಲು, ಮೊಸರಿನ ಪ್ರೋಟೀನನ್ನು ಒಡೆಯುತ್ತದೆ, ಕಹಿ ಬರುವುದು ಆಗ. ಬಹಳ ತಿಂದರೆ ನಾಲಿಗೆ ಉರಿಯುವುದರಲ್ಲೂ ಅದರ ಪಾಲಿದೆ. ಚೆನ್ನಾಗಿ ಬೇಯಿಸಿದರೆ ಅದರ ಆಟ ನಿಲ್ಲುತ್ತದೆ. ಬೇಯಿಸಿ, ಪೂರ್ತಿ ಆರಿಸಿ, ಆಮೇಲೆ ಸಾಸಿವೆ ಕಾಳು, ಹಸಿಮೆಣಸು, ಕಾಯಿ ರುಬ್ಬಿ ಮೊಸರಿನಲ್ಲಿ ಕಲಸಿ. ಮಿಲ್ಕ್‌ಶೇಕ್ ಮಾಡಿ ಬಹಳ ಹೊತ್ತು ಇಟ್ಟರೆ ಕಹಿಯಾಗುವುದೂ ಇದೇ ಕಾರಣಕ್ಕೆ.

ಕೇಸರಿಬಾತಿಗೂ ಇವರ ಹಣ್ಣು ಚೆನ್ನ. ಹೋಳನ್ನು ಮೊದಲು ಸಕ್ಕರೆಯಲ್ಲಿ ಬೇಯಿಸಿಕೊಳ್ಳಿ, ಬಣ್ಣ ಹಾಕಬೇಡಿ. ಇಷ್ಟು ಸಾಕು.

ಕೊರತೆಗಳೂ ಇವೆ. ಅಲ್ಲೇ ಮಾಡಿಕೊಡುವ ಜ್ಯೂಸ್ ನನಗೆ ಇಷ್ಟವಾಗಲಿಲ್ಲ. ಇಷ್ಟು ಒಳ್ಳೆಯ ಹಣ್ಣಿಗೆ ಅಷ್ಟೊಂದು ಸಕ್ಕರೆ, ಐಸ್ ಯಾಕೆ? ಸಕ್ಕರೆ ಬೇಡ ಎಂದು ಹೇಳಿದರೆ ಹಾಕುವುದಿಲ್ಲ, ಆದರೆ ಹೇಳಲೇಬೇಕು. ಅಂಗಡಿ ತಿರುವಿನಲ್ಲಿದೆ, ಕಾರನ್ನು ಸ್ವಲ್ಪ ಮುಂದೆ ನಿಲ್ಲಿಸಿ ನಡೆದು ಬನ್ನಿ. ನೆಟ್‌ವರ್ಕ್ ಸರಿಯಾಗಿ ಸಿಗದೆ ಫೋನಿನಲ್ಲಿ ದುಡ್ಡು ಹೋಗುವುದಿಲ್ಲ, ನೋಟು ಇಟ್ಟುಕೊಂಡಿರಿ. ಹೋದ ಸಲ ಎರಡು ದೊಡ್ಡ ಹಣ್ಣಿಗೆ 120 ರೂಪಾಯಿ ಕೊಟ್ಟೆ. ಮಧ್ಯಾಹ್ನದ ಮೇಲೆ ಹೋದರೆ ಕ್ವೀನ್ ಸಿಗುವುದು ಕಷ್ಟ.

ಮುಂದಿನ ತಿಂಗಳು ತಮ್ಮನ ಮಗಳ ನಾಮಕರಣ. ಮೆಣಸ್ಕಾಯಿಗೆ 12 ಹಣ್ಣು ಬೇಕು ಎಂದು ಹೇಳಿ ಬಂದಿದ್ದೇನೆ. "ಊಟ ಎಷ್ಟು ಗಂಟೆಗೆ?" ಎಂದು ಕೇಳಿದರು. ಹನ್ನೆರಡೂವರೆ ಅಂದೆ. "ಹಾಗಾದ್ರೆ ಹಿಂದಿನ ದಿನ ಸಂಜೆ ಕೊಯ್ತೇನೆ" ಅಂದರು.