ಹವಳದ ತೊಟ್ಟಿಗೆ ತಂದ ಎಲ್‌ಇಡಿ ದೀಪ: ನೇರಳೆ ಪಾಚಿಯ ದೃಷ್ಟಿಯಿಂದ

ತುಮಕೂರಿನ ನಮ್ಮ ಮನೆಯ ಸಮುದ್ರನೀರಿನ ಅಕ್ವೇರಿಯಂಗೆ ಈ ಎಲ್‌ಇಡಿ ದೀಪವನ್ನು ಹಾಕಿಸಿದ್ದು ಹವಳಗಳಿಗಾಗಿ. ಆದರೆ ಅದರ ಗುಣದೋಷಗಳನ್ನು ಮೊದಲು ತೋರಿಸಿಕೊಟ್ಟದ್ದು ಕಲ್ಲುಗಳ ಮೇಲೆ ನೇರಳೆ ಬಣ್ಣದ ಗಟ್ಟಿ ಪದರವಾಗಿ ಹರಡುವ ಕೋರಲೈನ್ ಪಾಚಿ. ಕೆಂಪು ಪಾಚಿಗಳ ಗುಂಪಿಗೆ ಸೇರಿದ ಇದು ಫೈಕೋಎರಿಥ್ರಿನ್ ಎಂಬ ವರ್ಣದ್ರವ್ಯದ ನೆರವಿನಿಂದ ನೀಲಿ-ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುವುದರಿಂದ, ಇದರ ಹಲವು ಪ್ರಭೇದಗಳಿಗೆ ಮಂದ ಬೆಳಕೇ ಸಾಕಾಗುತ್ತದೆ. ದೀಪವನ್ನು ಪೂರ್ಣ ಪ್ರಖರತೆಯಲ್ಲಿ ಉರಿಸಿದಾಗ ಮೇಲಿನ ಕಲ್ಲುಗಳ ಪಾಚಿ ಬಿಳಿಚಿಕೊಂಡಿತು. ಕಲ್ಲಿನ ನೆರಳಿನಲ್ಲಿದ್ದದ್ದು ಮಾತ್ರ ಗಾಢವಾಗಿಯೇ ಉಳಿಯಿತು. ನೀಲಿ ಮತ್ತು ಬಿಳಿ ಬೆಳಕನ್ನು ಪ್ರತ್ಯೇಕವಾಗಿ ತಗ್ಗಿಸುವ ಸೌಲಭ್ಯವೇ ಈ ದೀಪದ ನಿಜವಾದ ಹೆಚ್ಚುಗಾರಿಕೆ. ಬಿಳಿಯನ್ನು ಇಳಿಸಿದ ಮೇಲೆ ಬಣ್ಣ ನಿಧಾನವಾಗಿ ಮರಳತೊಡಗಿತು. ಹೊಸ ದೀಪದ ಪ್ರಖರತೆಯನ್ನು ಕೆಲವು ವಾರಗಳಲ್ಲಿ ಹಂತಹಂತವಾಗಿ ಏರಿಸಬೇಕೆಂಬ ಸೂಚನೆ ಕೈಪಿಡಿಯಲ್ಲಿ ಇಲ್ಲದಿರುವುದು ದೊಡ್ಡ ಕೊರತೆ. ಈ ಪಾಚಿಗೆ ಬೆಳಕೊಂದೇ ಸಾಲದು: ತೊಟ್ಟಿಯ ನೀರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ 400–450 ಮಿಲಿಗ್ರಾಂ, ಮೆಗ್ನೀಸಿಯಂ ಸುಮಾರು 1300 ಮಿಲಿಗ್ರಾಂ ಇರಬೇಕು, ಇಲ್ಲಿನ ಕೊಳವೆಬಾವಿಯ ಗಡಸು ನೀರನ್ನಂತೂ ಆರ್‌ಒ ಶುದ್ಧೀಕರಣವಿಲ್ಲದೆ ಬಳಸಲೇಬಾರದು. ಬೆಲೆ ದುಬಾರಿಯಾದರೂ ಹವಳ ಸಾಕುವವರು ಇದನ್ನು ಕೊಳ್ಳಬಹುದು. ಕೇವಲ ಮೀನು ಇಟ್ಟವರಿಗೆ ಇಷ್ಟು ಶಕ್ತಿಯ ದೀಪ ಅನಗತ್ಯ.