ಮನೆಯಲ್ಲೇ ಕೂತು ಎಫ್‌ಎನ್‌ಪಿ? ಕಲಬುರಗಿ ಕಡೆಯ ನರ್ಸ್‌ಗಳು ದುಡ್ಡು ಕಟ್ಟುವ ಮುಂಚೆ

ಅಮೆರಿಕದ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ (ಮನೆಮಂದಿಯೆಲ್ಲರ ರೋಗ ಪತ್ತೆಹಚ್ಚಿ ಔಷಧ ಬರೆಯುವ ನರ್ಸ್) ಸ್ನಾತಕೋತ್ತರ ಪದವಿ, ಎಲ್ಲರೂ ಕರೆಯುವಂತೆ ಎಫ್‌ಎನ್‌ಪಿ, ಪಾಠದ ಮಟ್ಟಿಗೆ ಬಹಳ ಗಟ್ಟಿ ಕೋರ್ಸು. ಆದರೆ ಅದನ್ನು ಕಲಬುರಗಿ, ಬೀದರ, ಯಾದಗಿರಿಯ ಬಿ.ಎಸ್ಸಿ. ನರ್ಸಿಂಗ್ ಪದವೀಧರರಿಗೆ "ಮನೆಯಲ್ಲೇ ಕೂತು ಆನ್‌ಲೈನ್" ಎಂದು ಮಾರಿದರೆ ನಂಬಬೇಡಿ. ಆನ್‌ಲೈನ್ ಆಗಿರುವುದು ಥಿಯರಿ ಮಾತ್ರ. 2022ರ ಅಲ್ಲಿನ ರಾಷ್ಟ್ರೀಯ ಮಾನದಂಡದ ಪ್ರಕಾರ ಕನಿಷ್ಠ 750 ತಾಸು ನೇರವಾಗಿ ರೋಗಿಗಳನ್ನು ನೋಡಬೇಕು. ಮೊದಲು ಇದು 500 ಇತ್ತು. ಬೊಂಬೆಯ ಮೇಲೆ ಮಾಡಿದ ಸಿಮ್ಯುಲೇಷನ್ ಇದರಲ್ಲಿ ಸೇರುವುದಿಲ್ಲ. ಕಲಬುರಗಿಯ ಜಿಮ್ಸ್ ಆಸ್ಪತ್ರೆಯಲ್ಲೋ ಬೀದರಿನ ಬ್ರಿಮ್ಸ್‌ನಲ್ಲೋ ಎಷ್ಟು ವರ್ಷ ದುಡಿದಿದ್ದರೂ ಆ ತಾಸುಗಳು ಇಲ್ಲಿ ಜಮಾ ಆಗುವುದಿಲ್ಲ.

ದಿನಕ್ಕೆ 8 ತಾಸಿನಂತೆ 750 ತಾಸು ಅಂದರೆ ಸುಮಾರು 94 ದಿನ. ನೌಕರಿ ಮಾಡುತ್ತ ವಾರಕ್ಕೆ 2 ದಿನ ಹೋಗುವವರಿಗೆ 47 ವಾರ ಬೇಕು. ಇದನ್ನೆಲ್ಲ ಒಬ್ಬ ಪ್ರಿಸೆಪ್ಟರ್, ಅಂದರೆ ಕ್ಲಿನಿಕ್ಕಿನಲ್ಲಿ ಕೈಹಿಡಿದು ಕಲಿಸುವ ವೈದ್ಯರೋ ನರ್ಸ್ ಪ್ರಾಕ್ಟೀಷನರೋ ಇದ್ದಲ್ಲಿ ಮಾಡಬೇಕು. ಕೋರ್ಸು ಎಡವುವುದು ಹೆಚ್ಚಾಗಿ ಇಲ್ಲೇ. ಕೆಲವು ವಿಶ್ವವಿದ್ಯಾಲಯಗಳು ಪ್ರಿಸೆಪ್ಟರ್‌ನ್ನು ತಾವೇ ಹುಡುಕಿಕೊಡುತ್ತವೆ, ಕೆಲವು "ನೀವೇ ನೋಡಿಕೊಳ್ಳಿ" ಎನ್ನುತ್ತವೆ. ದೊಡ್ಡವರ ಕ್ಲಿನಿಕ್ ಹೇಗೋ ಸಿಗುತ್ತದೆ, ಮಕ್ಕಳ ಮತ್ತು ಹೆಂಗಸರ ಆರೋಗ್ಯದ ತಾಸುಗಳಿಗೆ ಜಾಗ ಸಿಗುವುದು ಕಷ್ಟ. ಜಾಗ ಸಿಗದಿದ್ದರೆ ಒಂದು ಸೆಮಿಸ್ಟರ್ ಪೂರ್ತಿ ಹಿಂದೆ ಬೀಳುತ್ತದೆ. ಹಾಗಾಗಿ ಅರ್ಜಿ ಹಾಕುವ ಮೊದಲು ಶುಲ್ಕ ಎಷ್ಟೆಂದು ಕೇಳುವುದಕ್ಕಿಂತ ಪ್ರಿಸೆಪ್ಟರ್ ಕೊಡುವುದು ಯಾರ ಹೊಣೆ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಜೊತೆಗೆ ಕೋರ್ಸಿಗೆ ಸಿಸಿಎನ್‌ಇ ಅಥವಾ ಎಸಿಇಎನ್ ಎಂಬ ಅಲ್ಲಿನ ನರ್ಸಿಂಗ್ ಶಿಕ್ಷಣ ಸಂಸ್ಥೆಗಳ ಮಾನ್ಯತೆ ಇದೆಯೇ ನೋಡಿ. ಮಾನ್ಯತೆ ಇಲ್ಲದ ಕಡೆ ಓದಿದವರನ್ನು ಸರ್ಟಿಫಿಕೇಷನ್ ಪರೀಕ್ಷೆಗೆ ಕೂರಿಸುವುದಿಲ್ಲ.

ಪಾಠದ ಜೀವ ಇರುವುದು ಅಲ್ಲಿನವರು "ಮೂರು ಪಿ" ಎನ್ನುವ ವಿಷಯಗಳಲ್ಲಿ: ಮುಂದುವರಿದ ಪ್ಯಾಥೋಫಿಸಿಯಾಲಜಿ, ಫಾರ್ಮಕಾಲಜಿ, ಫಿಸಿಕಲ್ ಅಸೆಸ್‌ಮೆಂಟ್. ನಮ್ಮ ಬಿ.ಎಸ್ಸಿ.ಯಲ್ಲಿ ನರ್ಸಿಂಗ್ ಡಯಾಗ್ನೋಸಿಸ್ ಬರೆದರೆ ಅಲ್ಲಿಗೆ ಮುಗಿಯಿತು. ಎಫ್‌ಎನ್‌ಪಿಯಲ್ಲಿ ಒಣಕೆಮ್ಮು ಎಂದು ಬಂದವರ ಮುಂದೆ ಅಸ್ತಮಾ, ಹೃದಯ ವೈಫಲ್ಯ, ಟಿಬಿ, ಕೊನೆಗೆ ಬಿಪಿಗೆ ನುಂಗುತ್ತಿರುವ ಎನಲಾಪ್ರಿಲ್ ಮಾತ್ರೆಯನ್ನೂ ಲೆಕ್ಕಕ್ಕೆ ತಂದು, ಯಾವುದನ್ನು ಏಕೆ ಕೈಬಿಟ್ಟಿರಿ ಎಂದು ಹೇಳಬೇಕು. ಔಷಧ ಬರೆಯುವ ಹೊಣೆಯೂ ನಿಮ್ಮದೇ. ಈ ಅಭ್ಯಾಸ ನಮ್ಮ ಪ್ರತಿ ನರ್ಸಿಂಗ್ ವಿದ್ಯಾರ್ಥಿಗೂ ಸಿಗಬೇಕಿತ್ತು ಅನ್ನಿಸದೆ ಇರದು.

ಆದರೆ ನಮ್ಮವರು ಮುಗ್ಗರಿಸುವ ಜಾಗಗಳೂ ಇಲ್ಲೇ ಇವೆ. ಮೊದಲನೆಯದು ತೂಕ. ಅಲ್ಲಿ ಮಗುವಿನ ತೂಕವನ್ನು ಪೌಂಡಿನಲ್ಲಿ ಹೇಳುತ್ತಾರೆ. 22 ಪೌಂಡಿನ ಮಗು ಅಂದರೆ 10 ಕೆ.ಜಿ. ಕಿವಿ ಸೋಂಕಿಗೆ ಅಮಾಕ್ಸಿಸಿಲಿನ್ ಕೆ.ಜಿ.ಗೆ ದಿನಕ್ಕೆ 80ರಿಂದ 90 ಮಿ.ಗ್ರಾಂ., ಅಂದರೆ ದಿನಕ್ಕೆ 800ರಿಂದ 900, ಎರಡು ಹೊತ್ತಿಗೆ ಹಂಚಿ. 2.2ರಿಂದ ಭಾಗಿಸುವುದನ್ನು ಮರೆತರೆ ಅದೇ ಮಗುವಿಗೆ 1980 ಮಿ.ಗ್ರಾಂ. ಬರೆದಿರುತ್ತೀರಿ. ಹೆಸರುಗಳೂ ಬೇರೆ: ಪ್ಯಾರಾಸಿಟಮಾಲ್ ಅಲ್ಲಿ ಅಸಿಟಮಿನೋಫೆನ್, ಸಾಲ್ಬುಟಮಾಲ್ ಅಲ್ಲಿ ಅಲ್ಬುಟೆರಾಲ್. ನಮ್ಮ ಸರ್ಕಾರಿ ತಪಾಸಣೆಯಲ್ಲಿ ಬಿಪಿ 140/90 ದಾಟಿದರೆ ಹೆಚ್ಚು, ಅಲ್ಲಿನ 2017ರ ಮಾರ್ಗಸೂಚಿಯಲ್ಲಿ 130/80ಕ್ಕೇ ಮೊದಲ ಹಂತ. ಬಿಎಂಐ 23 ದಾಟಿದ ನಮ್ಮವರನ್ನು ಇಲ್ಲಿ ತೂಕ ಹೆಚ್ಚಿದವರೆನ್ನುತ್ತೇವೆ, ಅಲ್ಲಿ ಆ ಗೆರೆ 25. ಬಿಸಿಜಿ ಹಾಕಿಸಿಕೊಂಡವರಲ್ಲಿ ಚರ್ಮದ ಟಿಬಿ ಪರೀಕ್ಷೆ ತಪ್ಪಾಗಿ ಪಾಸಿಟಿವ್ ಬರಬಹುದೆಂದು ಅಲ್ಲಿ ರಕ್ತದ ಇಗ್ರಾ ಪರೀಕ್ಷೆಗೆ ಒಲವು. ತೊಗರಿ ಹೊಲದಲ್ಲಿ ಹಾವು ಕಚ್ಚಿದವರು, ಮೇ ತಿಂಗಳ ಬಿಸಿಲಿಗೆ ಬಿದ್ದವರು ನಮ್ಮ ದಿನನಿತ್ಯದ ರೋಗಿಗಳು. ಎಫ್‌ಎನ್‌ಪಿ ಪಠ್ಯಕ್ರಮದಲ್ಲಿ ಇವರಿಗೆ ಸಿಗುವ ಜಾಗ ಚಿಕ್ಕದು.

ಬಾಗಿಲು ತೆರೆಯಲು ಮೊದಲು ಅಮೆರಿಕದ ಆರ್‌ಎನ್ (ನೋಂದಾಯಿತ ನರ್ಸ್) ಲೈಸೆನ್ಸ್ ಬೇಕು, ಅಂದರೆ ಎನ್‌ಕ್ಲೆಕ್ಸ್ ಎಂಬ ಲೈಸೆನ್ಸ್ ಪರೀಕ್ಷೆ ಪಾಸಾಗಬೇಕು. ಪರೀಕ್ಷೆ 5 ತಾಸು, ಪ್ರಶ್ನೆ 85ರಿಂದ 150. ಬೆಂಗಳೂರಲ್ಲೂ ಹೈದರಾಬಾದಲ್ಲೂ ಕೇಂದ್ರವಿದೆ, ಬೀದರ, ಕಲಬುರಗಿಯವರಿಗೆ ಹೈದರಾಬಾದೇ ಹತ್ತಿರ. ಪರೀಕ್ಷೆಗಿಂತ ಹೆಚ್ಚು ಕಾಡುವುದು ದಾಖಲೆ ಪರಿಶೀಲನೆ. ಅಂಕಪಟ್ಟಿ ಕಾಲೇಜು, ವಿಶ್ವವಿದ್ಯಾಲಯದಿಂದಲೂ ನೋಂದಣಿ ದೃಢೀಕರಣ ಕರ್ನಾಟಕ ನರ್ಸಿಂಗ್ ಕೌನ್ಸಿಲ್‌ನಿಂದಲೂ ನೇರವಾಗಿ ಹೋಗಬೇಕು, ನೀವು ಕಳಿಸಿದ ಪ್ರತಿ ನಡೆಯದು. ಎಸ್‌ಎಸ್‌ಎಲ್‌ಸಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರು, ಕೌನ್ಸಿಲ್ ಪತ್ರದಲ್ಲಿ ಮದುವೆಯ ನಂತರದ ಹೆಸರು ಇದ್ದರೆ ಕಡತ ನಿಂತುಬಿಡುತ್ತದೆ. ಮೂರನ್ನೂ ಒಂದು ಮಾಡಿಕೊಂಡೇ ಅರ್ಜಿ ಹಾಕಿ. ಜಿಎನ್‌ಎಂ ಡಿಪ್ಲೊಮಾ ಮಾಡಿದವರು ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮುಗಿಸಿಕೊಳ್ಳುವುದು ಒಳ್ಳೆಯದು.

ಏಜೆಂಟರು ಹೇಳದ ಮಾತು ಇನ್ನೊಂದಿದೆ. ಎಫ್-1 ವಿದ್ಯಾರ್ಥಿ ವೀಸಾದಲ್ಲಿ ಹೋದವರಿಗೆ ಪೂರ್ಣಾವಧಿ ಲೆಕ್ಕಕ್ಕೆ ಸೆಮಿಸ್ಟರಿಗೆ ಒಂದೇ ಆನ್‌ಲೈನ್ ತರಗತಿ ಸೇರುತ್ತದೆ. ಬಹುಪಾಲು ಆನ್‌ಲೈನಾಗಿರುವ ಎಫ್‌ಎನ್‌ಪಿಗೆ ಈ ವೀಸಾ ಹೊಂದುವುದೇ ಇಲ್ಲ. ನಿಜವಾಗಿ ಕೆಲಸಕ್ಕೆ ಬರುವ ದಾರಿ ಆರ್‌ಎನ್ ನೌಕರಿಯ ಗ್ರೀನ್ ಕಾರ್ಡ್ ಪಡೆದು, ಅಲ್ಲೇ ದುಡಿಯುತ್ತ ಅರೆಕಾಲಿಕ ಓದುವುದು. ಭಾರತೀಯರಿಗೆ ಆ ಸರತಿ ಹತ್ತು ವರ್ಷ ದಾಟಿದೆ. ವಯಸ್ಸು, ಮಕ್ಕಳ ಶಾಲೆ ಎಲ್ಲವನ್ನೂ ಇದರ ಜೊತೆ ಕೂಡಿಸಿ ನೋಡಿ.

ಊರಲ್ಲೇ ಇರುವವರಿಗೆ "ಭಾರತದಲ್ಲೂ ನರ್ಸ್ ಪ್ರಾಕ್ಟೀಷನರ್ ಇದೆ" ಎಂದು ತೋರಿಸುವುದು ಎರಡು ವರ್ಷದ ಎಂ.ಎಸ್ಸಿ. ಎನ್‌ಪಿಸಿಸಿ, ಅಂದರೆ ನರ್ಸ್ ಪ್ರಾಕ್ಟೀಷನರ್ ಇನ್ ಕ್ರಿಟಿಕಲ್ ಕೇರ್. ಒಳ್ಳೆಯ ರೆಸಿಡೆನ್ಸಿ ಕೋರ್ಸು, ಆದರೆ ಅದು ಐಸಿಯು ಓದು. ವೆಂಟಿಲೇಟರ್ ಸಂಭಾಳಿಸುವುದು ಬರುತ್ತದೆ, ಬಾಣಂತಿ ಮತ್ತು ಕೂಸಿನ ಆರೈಕೆ ಅದರ ಗುರಿಯಲ್ಲ. ಕುಟುಂಬದ ನರ್ಸಿಗೆ ಹತ್ತಿರದ ಕೆಲಸವೆಂದರೆ ಆಯುಷ್ಮಾನ್ ಆರೋಗ್ಯ ಮಂದಿರದ ಸಿಎಚ್‌ಒ (ಸಮುದಾಯ ಆರೋಗ್ಯ ಅಧಿಕಾರಿ) ಹುದ್ದೆ: ಸುಮಾರು 5000 ಜನರ ಉಪಕೇಂದ್ರ, 12 ಬಗೆಯ ಸೇವೆ, 30 ವರ್ಷ ದಾಟಿದವರಿಗೆ ಬಿಪಿ, ಸಕ್ಕರೆ, ಬಾಯಿ, ಸ್ತನ, ಗರ್ಭಕಂಠದ ತಪಾಸಣೆ. ಸ್ವತಂತ್ರವಾಗಿ ಔಷಧ ಬರೆಯುವ ಅಧಿಕಾರ ಇಲ್ಲ. ಬಿಪಿ ಮಾತ್ರೆ ಶುರುಮಾಡುವವರು ಪಿಎಚ್‌ಸಿ ವೈದ್ಯರು, ತಿಂಗಳು ತಿಂಗಳು ಕೊಟ್ಟು ಬಿಡದಂತೆ ನೋಡಿಕೊಳ್ಳುವವರು ಸಿಸ್ಟರ್. ಯಾದಗಿರಿಯ ಹಳ್ಳಿಯಲ್ಲಿ ರಕ್ತಹೀನತೆಯ ಬಸುರಿಯನ್ನು, ಹಿಮೋಗ್ಲೋಬಿನ್ 7ಕ್ಕಿಂತ ಇಳಿಯುವ ಮುಂಚೆಯೇ ಗುರುತಿಸುವವರೂ ಅವರೇ.

ಮುಂದೆ ಓದುವ ಮನಸ್ಸಿದ್ದರೆ ಕಮ್ಯುನಿಟಿ ಹೆಲ್ತ್‌ನಲ್ಲಿ ಎಂ.ಎಸ್ಸಿ. ನಮ್ಮ ಸಲಹೆ. ಅದಕ್ಕೆ ಬಿ.ಎಸ್ಸಿ.ಯಲ್ಲಿ ಶೇ. 55 ಅಂಕ, ಒಂದು ವರ್ಷದ ಅನುಭವ ಬೇಕು. ಕಲ್ಯಾಣ ಕರ್ನಾಟಕದವರ ಮೀಸಲಾತಿಗೆ ಬೇಕಾದ 371ಜೆ ಅರ್ಹತಾ ಪತ್ರವನ್ನು ಸಹಾಯಕ ಆಯುಕ್ತರ ಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಳ್ಳಿ, ಪ್ರವೇಶದ ಗಡಿಬಿಡಿಯಲ್ಲಿ ಅದು ಸಿಗುವುದು ತಡವಾಗುತ್ತದೆ.