ಅಲ್ಯೂಮಿನಿಯಂ ದೋಣಿಗೆ ಪೌಡರ್ ಕೋಟಿಂಗ್: ಸೀಟಿಗೆ ಸರಿ, ತಳಕ್ಕೆ ಬೇಡ

ಬಳ್ಳಾರಿಯಲ್ಲಿ ಪೌಡರ್ ಕೋಟಿಂಗ್ (ಬಣ್ಣದ ಪುಡಿಯನ್ನು ಲೋಹದ ಮೇಲೆ ಹೊಡೆದು ಓವನ್‌ನಲ್ಲಿ ಕಾಯಿಸಿ ಗಟ್ಟಿಮಾಡುವುದು) ಮಾಡುವವರಿಗೆ ಬರುವ ಕೆಲಸ ಹೆಚ್ಚಾಗಿ ಕಿಟಕಿಯ ಸೆಕ್ಷನ್, ಗ್ರಿಲ್, ಗೇಟು ಮತ್ತು ಕಪಾಟುಗಳದು. ಅಂಥ ಅಂಗಡಿಗೆ ಹೋಗಿ ದೋಣಿಯ ವಿಚಾರ ತೆಗೆದರೆ ಮಾಲೀಕರು ಮೊದಲು ಕೇಳುವುದು ಬಣ್ಣವನ್ನಲ್ಲ, ಅಳತೆಯನ್ನು. ನಮ್ಮದು 14 ಅಡಿ ಉದ್ದದ, ರಿವೆಟ್ ಹೊಡೆದು ಜೋಡಿಸಿದ ಅಲ್ಯೂಮಿನಿಯಂ ದೋಣಿ. ಕೊಪ್ಪಳದ ಕಡೆಯ ತುಂಗಭದ್ರಾ ಹಿನ್ನೀರಿನಲ್ಲಿ ಮೀನಿನ ಬಲೆ ಬಿಡಲು ಬಳಸುತ್ತೇವೆ. ಬೇಸಿಗೆಯಲ್ಲಿ ಸೀಟು ಕಾದು ಕೂರಲಾಗದಂತಾಗುತ್ತದೆ, ಬೋಳು ಲೋಹದ ಝಳಕ್ಕೆ ಕಣ್ಣು ಕುಕ್ಕುತ್ತದೆ, ಒಳಬದಿಯಲ್ಲಿ ನೀರು ನಿಲ್ಲುವ ಮೂಲೆಗಳಲ್ಲಿ ಬಿಳಿಯ ಪುಡಿ ಕಟ್ಟುತ್ತದೆ. ಹೀಗಾಗಿ ಇಡೀ ದೋಣಿಗೆ ಬಣ್ಣ ಹಿಡಿಸುವ ವಿಚಾರ ಬಂತು. ಎರಡು ಅಂಗಡಿಗಳಲ್ಲಿ ವಿಚಾರಿಸಿ, ಒಂದರಲ್ಲಿ ಕೆಲಸ ಮಾಡಿಸಿದ ಮೇಲೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ಮೊದಲ ಅಂಗಡಿಯ ಓವನ್ ದೊಡ್ಡದು, ದರವೂ ಕಡಿಮೆ. ಆದರೆ ಅಲ್ಲಿ ಲೋಹವನ್ನು ಅದ್ದಿ ತೊಳೆದು ಬಣ್ಣಕ್ಕೆ ಸಿದ್ಧಪಡಿಸುವ ರಾಸಾಯನಿಕ ತೊಟ್ಟಿಗಳಿರಲಿಲ್ಲ. ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಥಿನ್ನರ್ ಬಟ್ಟೆಯಲ್ಲಿ ಒರೆಸಿ ನೇರವಾಗಿ ಪುಡಿ ಹೊಡೆಯುವುದು ಅವರ ಪದ್ಧತಿ. ಮನೆಯೊಳಗಿನ ಕಪಾಟಿಗೆ ಇಷ್ಟು ಸಾಕಾಗಬಹುದು, ಆದರೆ ನೀರಿನಲ್ಲಿರುವ ಅಲ್ಯೂಮಿನಿಯಂಗೆ ಇದು ಏನೂ ಸಾಲದು. ಉಜ್ಜಿದ ಕೂಡಲೇ ಅಲ್ಯೂಮಿನಿಯಂ ಮೇಲೆ ಮತ್ತೆ ತೆಳುವಾದ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ. ಬಣ್ಣವು ಲೋಹವನ್ನು ಹಿಡಿದು ನಿಲ್ಲಬೇಕಾದರೆ ಜಿಡ್ಡು ತೆಗೆದು, ಕ್ಷಾರದಲ್ಲೋ ಆಮ್ಲದಲ್ಲೋ ಮೇಲ್ಮೈಯನ್ನು ಸ್ವಲ್ಪ ಕರಗಿಸಿ, ಚೆನ್ನಾಗಿ ತೊಳೆದು, ಅದರ ಮೇಲೆ ಕ್ರೋಮೇಟ್ ಅಥವಾ ಜಿರ್ಕೋನಿಯಂ ಆಧಾರಿತ ರಾಸಾಯನಿಕ ಪದರವನ್ನು ಕೂರಿಸಬೇಕಾಗುತ್ತದೆ. ಕಬ್ಬಿಣಕ್ಕೆ ಬಳಸುವ ಫಾಸ್ಫೇಟ್ ತೊಟ್ಟಿಯಲ್ಲೇ ಅಲ್ಯೂಮಿನಿಯಂ ಅನ್ನೂ ಅದ್ದಿ ತೆಗೆಯುವವರಿದ್ದಾರೆ; ಅದೂ ಇದಕ್ಕೆ ಸಮನಾಗದು.

ಎರಡನೆಯ ಅಂಗಡಿಯಲ್ಲಿ ಸಾಲಾಗಿ ತೊಟ್ಟಿಗಳಿದ್ದವು. ಕ್ರೋಮೇಟ್ ತೊಟ್ಟಿಯಿಂದ ಎತ್ತಿದ ಸೆಕ್ಷನ್‌ಗಳ ಮೇಲೆ, ಬೆಳಕಿಗೆ ಹಿಡಿದಾಗ ಕಾಮನಬಿಲ್ಲಿನ ಛಾಯೆ ಬೆರೆತ ತಿಳಿ ಹಳದಿ ಪೊರೆ ಕಾಣುತ್ತಿತ್ತು. ಬರಿಗಣ್ಣಿಗೆ ಕಾಣುವ ಈ ಹಳದಿ ಗ್ರಾಹಕನಿಗೆ ಒಂದು ಭರವಸೆಯೇ ಸರಿ, ಆದರೆ ಆ ತೊಟ್ಟಿಯಲ್ಲಿರುವ ಹೆಕ್ಸಾವೇಲೆಂಟ್ ಕ್ರೋಮಿಯಂ ಎಂಬ ರಾಸಾಯನಿಕ ಕ್ಯಾನ್ಸರ್‌ಕಾರಕ. ಅಲ್ಲಿನ ಹುಡುಗರು ಕೈಗವಸು ಹಾಕಿಕೊಂಡಿದ್ದರಾದರೂ ಅವು ಮೊಣಕೈವರೆಗೆ ಬರುವಂಥವಲ್ಲ ಎಂಬುದು ನನಗೆ ಹಿಡಿಸಲಿಲ್ಲ. ಮಾಲೀಕರಿಗೆ ಅದನ್ನು ಹೇಳಿಯೂ ಬಂದೆ. ಕ್ರೋಮ್‌ರಹಿತ ದ್ರಾವಣ ಬಳಸುವ ಅಂಗಡಿ ಸಿಕ್ಕರೆ ಅದನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಅದರ ಪೊರೆಗೆ ಸಾಮಾನ್ಯವಾಗಿ ಬಣ್ಣವಿರುವುದಿಲ್ಲವಾದ್ದರಿಂದ ಕಣ್ಣಳತೆಯಲ್ಲಿ ಪರೀಕ್ಷಿಸಲು ಬರುವುದಿಲ್ಲ ಎಂಬುದನ್ನು ಮಾತ್ರ ತಿಳಿದಿರಬೇಕು.

ನಮ್ಮ ತೀರ್ಮಾನವನ್ನು ಬದಲಿಸಿದ್ದು ಈ ಅಂಗಡಿಯ ಮೇಸ್ತ್ರಿ. ದೋಣಿಯ ಫೋಟೋಗಳನ್ನು ನೋಡಿದವರೇ, "ತಳಕ್ಕ ಹಚ್ಚಬ್ಯಾಡ್ರಿ ಸರ. ಕಲ್ಲಿಗೆ ಉಜ್ಜಿದಲ್ಲಿ ನೀರು ಒಳಗ ಹೊಕ್ಕು ಹಪ್ಪಳದಂಗ ಏಳ್ತೈತ್ರಿ" ಎಂದರು. ಕೆಲಸ ದೊಡ್ಡದಾದಷ್ಟೂ ಬಿಲ್ಲೂ ದೊಡ್ಡದಾಗುತ್ತಿತ್ತು, ಆದರೂ ಬೇಡವೆಂದವರು ಅವರೇ. ಈ ಒಂದು ಕಾರಣಕ್ಕೆ ಅಂಗಡಿಗೆ ಪೂರ್ತಿ ಅಂಕ ಕೊಡಬಹುದು.

ಅವರ ಮಾತಿನಲ್ಲಿ ಹುರುಳಿದೆ. ಸಿಹಿನೀರಿನಲ್ಲಿ ಬೋಳು ಅಲ್ಯೂಮಿನಿಯಂ ತನ್ನನ್ನು ತಾನೇ ಕಾಪಾಡಿಕೊಳ್ಳುತ್ತದೆ; ನೀರಿನ ಪಿಎಚ್ ಸುಮಾರು 4ರಿಂದ 8.5ರ ನಡುವೆ ಇರುವವರೆಗೆ ಅದರ ಆಕ್ಸೈಡ್ ಪದರ ಗಟ್ಟಿಯಾಗಿಯೇ ಇರುತ್ತದೆ, ಗೀರು ಬಿದ್ದರೂ ಆ ಜಾಗದಲ್ಲಿ ಹೊಸ ಪದರ ತಾನಾಗಿ ಮೂಡುತ್ತದೆ. ಪೌಡರ್ ಕೋಟಿಂಗ್‌ಗೆ ಈ ಗುಣವಿಲ್ಲ. ಒಮ್ಮೆ ಗೀರು ಬಿದ್ದರೆ ನೀರು ಬಣ್ಣದ ಅಂಚಿನಿಂದ ಒಳಗೆ ಹರಿದು, ಗಾಳಿಯಾಡದ ಜಾಗದಲ್ಲಿ ನಿಂತು, ಬೋಳು ಲೋಹಕ್ಕೆ ಸಾಮಾನ್ಯವಾಗಿ ಆಗದಂಥ ಸವಕಳಿಯನ್ನು ಬಣ್ಣದಡಿಯಲ್ಲಿ ಆರಂಭಿಸುತ್ತದೆ. ನಮ್ಮ ಹಿನ್ನೀರಿನಲ್ಲಿ ಗೀರು ತಪ್ಪಿಸುವುದಂತೂ ಸಾಧ್ಯವೇ ಇಲ್ಲ. ಕಾಲುವೆಗಳಿಗೆ ನೀರು ಬಿಡುತ್ತಾ ಹೋದಂತೆ ದಂಡೆ ಹಿಂದೆ ಸರಿಯುತ್ತದೆ. ಬೇಸಿಗೆಯ ಹೊತ್ತಿಗೆ ದೋಣಿಯನ್ನು ಹೂಳು, ಗರಸು, ಕಲ್ಲುಗಳ ಮೇಲೆ ದೂರದವರೆಗೆ ಎಳೆದೇ ನೀರಿಗಿಳಿಸಬೇಕು. 133 ಟಿಎಂಸಿ ಸಾಮರ್ಥ್ಯದೊಂದಿಗೆ ಆರಂಭವಾದ ಜಲಾಶಯದಲ್ಲಿ ಹೂಳು ತುಂಬಿ ಈಗ ಸುಮಾರು 105 ಟಿಎಂಸಿ ಮಾತ್ರ ಹಿಡಿಯುತ್ತದೆ ಎಂದರೆ, ಅಂಚಿನ ನೆಲ ಎಂಥದ್ದೆಂದು ಊಹಿಸಬಹುದು. 60ರಿಂದ 80 ಮೈಕ್ರಾನ್ (ಮಿಲಿಮೀಟರ್‌ನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ದಪ್ಪದ ಬಣ್ಣ ಇಂಥ ನೆಲದ ಮೇಲೆ ಒಂದು ಹಂಗಾಮು ನಿಲ್ಲುವುದೂ ಅನುಮಾನ. ಕಿತ್ತುಹೋದ ಜಾಗಕ್ಕೆ ದಂಡೆಯಲ್ಲೇ ಕೂತು ಪುಡಿ ಹಚ್ಚಲು ಬರುವುದಿಲ್ಲ. ಬ್ರಷ್ಷಿನ ಬಣ್ಣದಿಂದ ತೇಪೆ ಹಾಕಬೇಕು, ಇಲ್ಲವೇ ಪೂರ್ತಿ ಕಿತ್ತು ಮತ್ತೆ ಓವನ್‌ಗೆ ಕಳಿಸಬೇಕು.

ಓವನ್‌ನ ಶಾಖವೂ ದೋಣಿಗೆ ಸಣ್ಣ ವಿಷಯವಲ್ಲ. ಪುಡಿ ಕರಗಿ ಗಟ್ಟಿಯಾಗಲು ಲೋಹವೇ ಸುಮಾರು 180ರಿಂದ 200 ಡಿಗ್ರಿ ಸೆಲ್ಸಿಯಸ್‌ಗೆ ಏರಿ ಹತ್ತು ಹದಿನೈದು ನಿಮಿಷ ಅಲ್ಲೇ ನಿಲ್ಲಬೇಕು. ಸೀಟಿನ ಕೆಳಗೆ ತೇಲುವಿಕೆಗಾಗಿ ತುಂಬಿಸಿರುವ ಥರ್ಮಾಕೋಲ್ 100 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗಿ ಕುಗ್ಗುತ್ತದೆ. ರಿವೆಟ್ ಸಾಲಿನ ಸಂದಿಗಳಿಗೆ ತುಂಬಿದ ಸೀಲಂಟ್ ಸುಟ್ಟುಹೋಗಿ, ಮೊದಲು ಸೋರದಿದ್ದ ದೋಣಿ ಬಣ್ಣ ಹಚ್ಚಿದ ಮೇಲೆ ಸೋರತೊಡಗಬಹುದು. ಎಂಜಿನ್ ಕೂರಿಸುವ ಹಿಂಭಾಗದ ಹಲಗೆಯನ್ನೂ ಬಿಚ್ಚಲೇಬೇಕು. ಲೋಹದ ಗಟ್ಟಿತನದ ಬಗ್ಗೆ ಮಾತ್ರ ನಮಗೆ ಹೆಚ್ಚು ಚಿಂತೆ ಇರಲಿಲ್ಲ, ಏಕೆಂದರೆ ನಮ್ಮ ದೋಣಿಯ ತಗಡು ಮೆಗ್ನೀಸಿಯಂ ಕಡಿಮೆ ಇರುವ 5052 ದರ್ಜೆಯದು. ಮೆಗ್ನೀಸಿಯಂ ಶೇ. 3ಕ್ಕಿಂತ ಹೆಚ್ಚಿರುವ 5083ರಂಥ ಮಿಶ್ರಲೋಹಗಳನ್ನು ಬಹಳ ಹೊತ್ತು ಬಿಸಿಯಲ್ಲಿಟ್ಟರೆ ಕಣಗಳ ನಡುವೆ ಸವಕಳಿಯಾಗುವ ಸ್ವಭಾವ ಬೆಳೆಯುತ್ತದೆ. ಅಂಥ ದೋಣಿ ಇರುವವರು ಬಣ್ಣ ಕಿತ್ತು ಮತ್ತೆ ಮತ್ತೆ ಕಾಯಿಸುವ ಯೋಚನೆಯನ್ನೇ ಬಿಡಬೇಕು.

ಕೊನೆಗೆ ನಾವು ಮಾಡಿಸಿದ್ದು ಇಷ್ಟು: ಸೀಟುಗಳು, ಬಲೆ ಇಡುವ ಪೆಟ್ಟಿಗೆಯ ಮುಚ್ಚಳ, ಕಾಲಿಡುವ ಹಲಗೆಗಳು, ಪಕ್ಕದ ಹಿಡಿಕೆ ಕೊಳವೆಗಳು. ಇವೆಲ್ಲ ಬೋಲ್ಟ್ ಬಿಚ್ಚಿದರೆ ಕೈಗೆ ಬರುವಂಥವು. ದೋಣಿ ದಂಡೆಯಲ್ಲೇ ಉಳಿಯಿತು. 67ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಹೊಸಪೇಟೆ ದಾಟಿ ಬಳ್ಳಾರಿಯವರೆಗೆ ಇಡೀ ದೋಣಿಯನ್ನು ಲಾರಿಯಲ್ಲಿ ಸಾಗಿಸುವ ಖರ್ಚೂ ಉಳಿಯಿತು. ಬಣ್ಣ ಆರ್‌ಎಎಲ್ ಎಂಬ ಬಣ್ಣಗಳ ಸಂಕೇತಪಟ್ಟಿಯ 7035, ಅಂದರೆ ತಿಳಿ ಬೂದು, ಟೆಕ್ಸ್ಚರ್ ಫಿನಿಶ್. ಕಡುನೀಲಿ ಚೆಂದ ಕಾಣುತ್ತದೆ ಎಂದು ಮನೆಯಲ್ಲಿ ವಾದವಿತ್ತಾದರೂ, ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವ ನಮ್ಮ ಕಡೆಯ ಬಿಸಿಲಿನಲ್ಲಿ ಕಡುಬಣ್ಣದ ಸೀಟಿನ ಮೇಲೆ ಕೂರುವವರು ವಾದ ಮಾಡಿದವರಲ್ಲ.

ಪುಡಿಯ ಜಾತಿಯ ಬಗ್ಗೆ ಎಚ್ಚರ ವಹಿಸಬೇಕು. ಅಂಗಡಿಯವರು ತಾವಾಗಿ ಕೇಳದಿದ್ದರೆ ಕಪಾಟಿಗೆ ಬಳಸುವ ಎಪಾಕ್ಸಿ-ಪಾಲಿಯೆಸ್ಟರ್ ಹೈಬ್ರಿಡ್ ಪುಡಿಯನ್ನೇ ಹೊಡೆಯಬಹುದು. ಅದು ಬಿಸಿಲಿಗೆ ಬೇಗ ಸುಣ್ಣ ಬಳಿದಂತೆ ಬಿಳಚಿಕೊಳ್ಳುತ್ತದೆ. ಹೊರಾಂಗಣಕ್ಕೆ ಪ್ಯೂರ್ ಪಾಲಿಯೆಸ್ಟರ್ ಬೇಕೆಂದು ಸ್ಪಷ್ಟವಾಗಿ ಹೇಳಬೇಕು.

ಕೆಲಸದ ಗುಣಮಟ್ಟ ಒಟ್ಟಿನಲ್ಲಿ ಚೆನ್ನಾಗಿದೆ. ಅವರದೇ ಮೀಟರ್ ಹಿಡಿದು ಅಳೆದಾಗ ಸಮತಟ್ಟಾದ ಭಾಗಗಳಲ್ಲಿ 70 ಮೈಕ್ರಾನ್ ಸುತ್ತಮುತ್ತ ತೋರಿಸಿತು. ಕೊರತೆ ಕಂಡದ್ದು ಪೆಟ್ಟಿಗೆಯ ಮುಚ್ಚಳದ ಒಳಮೂಲೆಗಳಲ್ಲಿ: ವಿದ್ಯುದಾವೇಶ ಪಡೆದ ಪುಡಿ ಹತ್ತಿರದ ಅಂಚುಗಳಿಗೇ ಮೊದಲು ಅಂಟಿಕೊಳ್ಳುವುದರಿಂದ ಆಳದ ಮೂಲೆಗೆ ಕಡಿಮೆ ತಲುಪುತ್ತದೆ, ಅಲ್ಲಿ ಲೋಹ ಮಸುಕಾಗಿ ಇಣುಕುತ್ತಿತ್ತು. ತೋರಿಸಿದ ಮೇಲೆ ತಕರಾರಿಲ್ಲದೆ ಗನ್ನಿನ ವೋಲ್ಟೇಜ್ ತಗ್ಗಿಸಿ ಇನ್ನೊಂದು ಸಲ ಹೊಡೆದು ಕೊಟ್ಟರು. ಇಡೀ ದೋಣಿಯನ್ನು ಕೊಟ್ಟಿದ್ದರೆ ಪ್ರತಿಯೊಂದು ಪಕ್ಕೆಲುಬಿನ ಬುಡದಲ್ಲೂ ಇದೇ ತೊಂದರೆ ಇರುತ್ತಿತ್ತು.

ಒಪ್ಪಿಸುವ ಮೊದಲು ಒಂದು ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು. ಅದೇ ದರ್ಜೆಯ ತಗಡಿನ ತುಂಡೊಂದಕ್ಕೆ ಅದೇ ತೊಟ್ಟಿ, ಅದೇ ಪುಡಿಯಲ್ಲಿ ಬಣ್ಣ ಹಾಕಿಸಿ, ಎರಡು ಗಂಟೆ ಕುದಿಯುವ ನೀರಿನಲ್ಲಿಟ್ಟು, ಆರಿದ ಮೇಲೆ ಬ್ಲೇಡಿನಿಂದ ಚೌಕುಳಿ ಗೀರಿ, ಟೇಪ್ ಅಂಟಿಸಿ ಸರ್ರನೆ ಕೀಳಬೇಕು. ಚೌಕುಳಿಗಳು ಟೇಪಿನ ಜೊತೆ ಎದ್ದು ಬಂದರೆ ಆ ಅಂಗಡಿಯ ತೊಳೆಯುವ ಕೆಲಸ ಸರಿಯಿಲ್ಲವೆಂದೇ ಅರ್ಥ. ಕಟ್ಟಡದ ಅಲ್ಯೂಮಿನಿಯಂಗಾಗಿ ಇರುವ ಕ್ವಾಲಿಕೋಟ್ ನಿಯಮಗಳಲ್ಲಿ ಇದನ್ನು ಪ್ರೆಷರ್ ಕುಕ್ಕರ್‌ನಲ್ಲಿ ಮಾಡುವ ವಿಧಾನವೂ ಇದೆ, ಆದ್ದರಿಂದ ಮನೆಯಲ್ಲಿ ಹಳೆಯ ಕುಕ್ಕರ್ ಇದ್ದವರು ನಾಚಿಕೊಳ್ಳಬೇಕಿಲ್ಲ. ನಮ್ಮ ತುಂಡು ಪಾಸಾಯಿತು.

ದರ ಚದರಡಿ ಲೆಕ್ಕ. ಎರಡೂ ಬದಿಗೆ ಬಣ್ಣ ಬೇಕೆಂದರೆ ಅಳತೆ ಇಮ್ಮಡಿಯಾಗುತ್ತದೆ. ಬೋಲ್ಟ್ ತೂತುಗಳನ್ನು ಮುಚ್ಚುವ ಕೂಲಿ ಮತ್ತು ಹಳೆಯ ಬಣ್ಣ ಕೀಳುವ ಕೂಲಿ ಬೇರೆ. ಇದನ್ನು ಮೊದಲೇ ಕಾಗದದ ಮೇಲೆ ಬರೆಸಿಕೊಳ್ಳದಿದ್ದರೆ ಬಿಲ್ ಬಂದಾಗ ಮಾತು ಬೆಳೆಯುತ್ತದೆ. ತೂತು ಕೊರೆಯುವ ಕೆಲಸವೇನಿದ್ದರೂ ಬಣ್ಣಕ್ಕೆ ಮುಂಚೆಯೇ ಮುಗಿಸಬೇಕು, ಜೋಡಿಸುವಾಗ ಸ್ಟೇನ್‌ಲೆಸ್ ಬೋಲ್ಟುಗಳ ಅಡಿಗೆ ನೈಲಾನ್ ವಾಷರ್ ಹಾಕಬೇಕು. ಹೊರಮೈಗೂ ಬಣ್ಣ ಬೇಕೇ ಬೇಕು ಎನ್ನುವವರು ನೀರಿನ ಮಟ್ಟಕ್ಕಿಂತ ಮೇಲೆ ಲೋಹವನ್ನು ಕಚ್ಚಿ ಹಿಡಿಯುವ ಎಚ್ ಪ್ರೈಮರ್ (etch primer), ಎಪಾಕ್ಸಿ ಪ್ರೈಮರ್, ಮೇಲೆ ಪಾಲಿಯುರೆಥೇನ್ ಹೀಗೆ ದ್ರವ ಬಣ್ಣವನ್ನೇ ಹಾಕಿಸಿಕೊಳ್ಳಲಿ. ಅದು ಓವನ್ ಕೇಳುವುದಿಲ್ಲ, ಕಿತ್ತಲ್ಲಿ ಬ್ರಷ್ಷಿನಿಂದ ಮತ್ತೆ ಹಚ್ಚಬಹುದು.